ಗಚ್ಚಿಗೆ ನೀರು ಹಾಕುವವಳು

ಯರಗಟ್ಟಿಯ ಸಂತೆ ಬಯಲಿನ ಅಂಚಿಗೆ ಏಳುತ್ತಿದ್ದ ಹೊಸ ಹತ್ತಿ ಅಂಗಡಿಯೊಳಗೆ ಅಂದು ಸಂಜೆ ಏಳೆಂಟು ಜನ ಮಳೆಗೆ ಸಿಕ್ಕಿಬಿದ್ದಿದ್ದರು. ಲಡಾಯಿಗೆ ಜನ ಬೇಕೆಂದು ಸರಕಾರದವರು ಸಂತೆಸಂತೆಗೆ ಬಂದು ಡಂಗುರ ಹೊಡೆಸುತ್ತಿದ್ದ ವರ್ಷ ಅದು. ಮಧ್ಯಾಹ್ನ ಬೆಳಗಾವಿ ದಾರಿಯ ಕಡೆಯಿಂದ ಎದ್ದ ಮೋಡ ಹೊತ್ತು ಮುಳುಗುವ ಮೊದಲೇ ಊರನ್ನು ಕವುಚಿಕೊಂಡಿತ್ತು. ಅಂಗಡಿಯ ಗೋಡೆಗಳಿಗೆ ಇನ್ನೂ ಗಿಲಾವು ಆಗಿರಲಿಲ್ಲ, ಬಾಗಿಲು ಬರಬೇಕಾದಲ್ಲಿ ಬಿದಿರು ತಟ್ಟಿ ಕಟ್ಟಿದ್ದರು. ಮುಗಿದದ್ದು ಮಾಳಿಗೆಯೊಂದೇ. ತೊಲೆ, ತೊಲೆಯ ಮೇಲೆ ಹಲಗೆ, ಹಲಗೆಯ ಮೇಲೆ ಇಟ್ಟಿಗೆಚೂರು ಸುಣ್ಣ ಮರಳು ಕಲಸಿ ಸುರಿದು, ಹೆಂಗಸರು ಸಾಲಾಗಿ ಕುಳಿತು ಕೊಡತಿಯಿಂದ ಬಡಿದು ಗಟ್ಟಿ ಮಾಡಿದ ಗಚ್ಚು. ಬಡಿದು ಮುಗಿಸಿದ್ದು ನಿನ್ನೆ. ಈಗ ಅದರ ಮೇಲೆ ಹಸಿ ಗೋಣಿತಟ್ಟು, ತಟ್ಟಿನ ಮೇಲೆ ದಪ್ಪಗೆ ಹುಲ್ಲು, ಹುಲ್ಲಿನ ಮೇಲೆ ಮಳೆ.

ಬಾಳು ಆಗಾಗ ತಲೆ ಎತ್ತಿ ಮೇಲೆ ನೋಡುತ್ತಿದ್ದ. ಈ ಕೆಲಸದ ಗವಂಡಿ ಅವನು. ಗೋಡೆ ಎಬ್ಬಿಸಿ ಮಾಳಿಗೆ ಹಾಕಿಸಿ, ಅದು ನಿಂತರೆ ಹೆಸರು, ಬಿರಿದರೆ ಬೈಗುಳ, ಎರಡನ್ನೂ ಹೊರುವವನು. ಹಿಂದಿನ ವರ್ಷ ಸವದತ್ತಿಯಲ್ಲಿ ಅವನು ಹಾಕಿದ ಮೊದಲ ಮಾಳಿಗೆಗೆ ಬೇಸಿಗೆಯ ಗಾಳಿಯಲ್ಲಿ ನೀರು ತಪ್ಪಿತ್ತು. ಗಚ್ಚಿನ ತುಂಬ ಕೂದಲಿನಂಥ ಬಿರುಕು ಬಿದ್ದು, ಮೊದಲ ಮಳೆಗೇ ಆ ಮನೆಯ ಜೋಳದ ಚೀಲಗಳು ಮೊಳಕೆಯೊಡೆದವು. ಅದಾದ ಮೇಲೆ ಒಂದು ವರ್ಷ ಅವನು ಬೇರೆ ಗವಂಡಿಗಳ ಕೈಕೆಳಗೆ ಕಲ್ಲು ಹೊತ್ತ. ಈ ಅಂಗಡಿ ಸಿಕ್ಕಿದ್ದು ಬೇರೆ ಯಾರೂ ಖಾಲಿ ಇರಲಿಲ್ಲ ಎಂಬ ಕಾರಣಕ್ಕೆ. ಇದೂ ಬಿರಿದರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ಅವನ ಕೈಗೆ ಕರಣೆ ಕೊಡುವವರು ಇರುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ಅಲ್ಲಿ ಕುಳಿತವರಿಗೂ ಗೊತ್ತಿತ್ತು.

ಕಲ್ಲು ಹೊರುವ ಲಕ್ಕಪ್ಪ ತಂಬಾಕು ತಿಕ್ಕುತ್ತ ಹೇಳಿದ, "ಬಾಳೂ, ದೇವರ ತಾನ ನಿಂತು ನೀರ ಹಾಕಾಕತ್ಯಾನ. ನಮ್ಮ ಕೊಡಾ ಯಾಕ ಬೇಕ ಇನ್ನ? ಎಲ್ಲಾರೂ ಊರಿಗೆ ಹೋಗಿ ಹೊಲಾ ಮನಿ ನೋಡಿಕೊಂಡ ಬರೂಣು."

"ಸವದತ್ತ್ಯಾಗೂ ಹಿಂಗ ಅಂದಿದ್ದಿಲ್ಲೇನ ನೀ?" ಎಂದಳು ಗಚ್ಚು ಬಡಿಯುವ ಸುಂದರವ್ವ. "ಆ ಮನಿಯವ್ರು ಈಗ ಒಳಗ ಕಂಬಳಿ ಹೊತ್ತಕೊಂಡ ಉಣ್ಣತಾರಂತ."

"ಉಣ್ಣಲೆವಾ. ಸಾರಿಗೆ ನೀರ ಬ್ಯಾರೆ ಹಾಕೂದ ಉಳೀತು."

ಎಲ್ಲರೂ ನಕ್ಕರು. ಬಾಳು ನಗಲಿಲ್ಲ. ಮೂಲೆಯಲ್ಲಿ ಚೀಲ ಹೊದ್ದು ಕುಳಿತಿದ್ದ ಮುದುಕಿ ಶಟ್ಟೆವ್ವನ ಕಡೆ ತಿರುಗಿದ. ಪ್ರಾಯದಲ್ಲಿದ್ದಾಗ ಈ ಸೀಮೆಯ ಅರ್ಧ ಮಾಳಿಗೆಗಳನ್ನು ಬಡಿದವಳು ಅವಳು. ಈಗ ಕೊಡತಿ ಎತ್ತಲಾಗುವುದಿಲ್ಲ. ಬಡಿಯುವವರಿಗೆ ಹಾಡಿನ ಸೊಲ್ಲು ಎತ್ತಿಕೊಡಲು ಬಂದು ಕೂಡುತ್ತಾಳೆ.

"ಆಯಿ, ಇಂಥಾ ಗಚ್ಚಿಗೆ ಎಷ್ಟ ದಿನಾ ನೀರ ಹಾಕಬೇಕ್ರಿ? ಒಬ್ಬೊಬ್ಬರು ಒಂದೊಂದ ಹೇಳತಾರ."

ಶಟ್ಟೆವ್ವ ಕಂದೀಲಿನ ಬತ್ತಿಯನ್ನು ಸ್ವಲ್ಪ ಇಳಿಸಿದಳು.

"ಲೆಕ್ಕಾ ನನ್ನ ಕೇಳಬ್ಯಾಡಪಾ. ಸಾಕು ಅನ್ನೂದು ಗವಂಡಿ ಬಾಯಾಗಿನ ಮಾತು. ಆ ಮಾತ ಅನ್ನಾಕ ಆಗಲಾರದ ಒಬ್ಬ ಗವಂಡಿ ಏನಾದ ಅನ್ನೂದು ಗೊತ್ತೈತೇನ ನಿನಗ? ಗೊತ್ತಿರಾಕಿಲ್ಲ. ಗವಂಡಿಗೋಳು ತಮ್ಮ ತಮ್ಮೊಳಗ ಇದನ್ನ ಮಾತಾಡೂದಿಲ್ಲ. ಈ ಕಡೆ ಸರೀರಿ ಎಲ್ಲಾರೂ. ಮಳಿ ಸಪ್ಪಳದಾಗ ನನ್ನ ದನಿ ಕೇಳೂದಿಲ್ಲ."

ಸರಿದು ಕುಳಿತರು. ಬಾಳುವೂ ಸರಿದ. ಮುದುಕಿ ಹೇಳುವ ದೆವ್ವದ ಕತೆಗಳಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ. ಗಚ್ಚಿನ ಮಾತು ಬರುತ್ತದೆ ಎಂದು ಕುಳಿತ.

"ಬೈಲಹೊಂಗಲದಾಗ ಮಡಿವಾಳೆಪ್ಪ ಸಾವಕಾರ್ರು ಅಂತ ಇದ್ರು. ಹತ್ತಿ ವ್ಯಾಪಾರ. ಆಗ ಊರಾಗ ಎಲ್ಲಾರದೂ ಮಣ್ಣಿನ ಮಾಳಗಿ, ನಮ್ಮದೂ ಮಣ್ಣಿಂದ, ಗೌಡರದೂ ಮಣ್ಣಿಂದ. ಇವರಿಗೆ ಮಾತ್ರ ಗಚ್ಚಿಂದ ಬೇಕಾತು. ಸಂಪಗಾಂವದ ಮುದಕಪ್ಪ ಗವಂಡಿನ್ನ ಕರಿಸಿದ್ರು. ಏನ ಕೈ ಅದು... ಸುಣ್ಣಾ ಮೂಗಿಗೆ ಹಿಡದು ಯಾವ ಭಟ್ಟಿದು ಅಂತ ಹೇಳಾಂವ. ಬಡಿಯೂ ಸಾಲಿನ್ಯಾಗ ನಾನೂ ಇದ್ದೆ. ಬೆಲ್ಲದ ನೀರ ಚಿಮುಕಿಸಿಗೋತ, ಹಾಡಕೋತ, ಕೊಡತಿ ತಾನ ಹೊಳ್ಳಿ ಪುಟಿಯೂಹಂಗ ಆಗೂಮಟಾ ಬಡದ್ವಿ. ಪುಟಿದ ಮ್ಯಾಲ ಮುದಕಪ್ಪ ಸಾಕು ಅಂದ. ಬಡಿಯೂದು ಸಾಕು ಅಂದಾ, ತಿಳೀತಿಲ್ಲೋ? ನೀರಿನ ಸಾಕು ಬ್ಯಾರೆ... ಅದ ಈ ಕತಿ.

"ನೀರಿಗೆ ಮರೆವ್ವ ಅನ್ನಾಕಿನ್ನ ಇಟ್ಟ. ಗಂಡ ಇಲ್ಲ, ಮಕ್ಕಳಿಲ್ಲ, ಮಾತಂತೂ ಭಾಳ ಕಡಿಮಿ. ಆಕಿ ಟೊಂಕದ ಮ್ಯಾಲ ಕೊಡಾ ಕುಂತ್ರ ಮೈಯಾಗಿಂದ ಬೆಳದಂಗ ಕಾಣತಿತ್ತು. ಹಸಿ ಗಚ್ಚಿಗೆ ನೀರ ಹಾಕೂದು ಯಾರಿಗೆ ಬರೂದಿಲ್ಲ ಅಂತೀರಿ, ಹೌದಲ್ಲೋ? ಲಕ್ಕಪ್ಪ ಅನ್ನತಾನ, ಅಂವಗ ಎಲ್ಲಾ ಬರತೈತಿ. ಮೊದಲಿಗೆ ಕೊಡಾ ಎತ್ತಿ ಸುರದ್ರ ಸುಣ್ಣಾ ತೊಳಕೊಂಡ ಹೊಕ್ಕೈತಿ. ಮೊದಲ ಬರೇ ಹಸಿ ತಟ್ಟು ಹೊಚ್ಚಬೇಕು, ಕೂಸಿಗೆ ಹೊಚ್ಚಿದಂಗ. ತಟ್ಟಿನ ಮ್ಯಾಲ ಕೈಲೆ ಚಿಮುಕಿಸಬೇಕು, ಸುರೀಬಾರದು. ಬೆರಳ ಒತ್ತಿದ್ರ ಗುರತ ಮೂಡೂದು ನಿಂತ ಮ್ಯಾಲ, ರಾಡೀಲೆ ಸಣ್ಣ ಸಣ್ಣ ಒಡ್ಡ ಕಟ್ಟಿ, ಕಾಯಿಪಲ್ಯಾದ ಮಡಿ ಇರತಾವಲ್ಲ, ಹಂಗ ಮಡಿ ಮಾಡಿ ನೀರ ನಿಲ್ಲಿಸಬೇಕು. ಬಿಸಲಿಗೆ ಅಂಜಬ್ಯಾಡ್ರಿ, ಗಾಳಿಗೆ ಅಂಜ್ರಿ. ಬಿಸಲು ಕಣ್ಣಿಗೆ ಕಾಣತೈತಿ. ಗಾಳಿ ಬಂದು ನೀರ ಕದ್ದದ್ದು ಯಾರಿಗೆ ಕಾಣತೈತಿ? ಪಡುವಣ ಕಡೆ ತಟ್ಟಿ ಕಟ್ಟಬೇಕು. ಒಮ್ಮಿ ಆರಿತು, ಹೊಳ್ಳಿ ಹಾಕಿದ್ರಾತು ಅಂತೀರಿ... ಒಮ್ಮಿ ಆರಿದ್ದ ಗಚ್ಚು ಬಾಯಿ ಮುಚ್ಚಕೊಂಡಂಗ, ಆಮ್ಯಾಲ ನೀವು ಹೊಳಿ ತಂದ ಹಾಕಿದ್ರೂ ಕುಡಿಯೂದಿಲ್ಲ. ಮಂದಿ ತಿಳಕೊಂಡಾರ, ಗಚ್ಚು ಒಣಗಿ ಗಟ್ಟಿ ಆಕ್ಕೈತಿ ಅಂತ. ಒಣಗಿ ಅಲ್ಲ, ಕುಡದ ಗಟ್ಟಿ ಆಕ್ಕೈತಿ."

ಬಾಳುವಿಗೆ ಸವದತ್ತಿ ನೆನಪಾಯಿತು. ಎರಡು ದಿನ ನೀರು ತಪ್ಪಿದ ಮೇಲೆ ಅವನು ಗಾಬರಿಯಿಂದ ಚೆಲ್ಲಿದ ಕೊಡಗಟ್ಟಲೆ ನೀರೆಲ್ಲ ಗಚ್ಚಿನ ಮೇಲೆ ಎಣ್ಣೆಯಂತೆ ಹರಿದು ಮಾಳಿಗೆಯಂಚಿನ ನೀರುದೋಣಿಯಿಂದ ಕೆಳಗೆ ಬಿದ್ದಿತ್ತು. ಹಾಗೇಕಾಯಿತೆಂದು ಅವನಿಗೆ ಅಂದು ತಿಳಿದಿರಲಿಲ್ಲ.

"ಆಗೊಂದು ಪದ್ಧತಿ ಇತ್ತು," ಶಟ್ಟೆವ್ವ ಮುಂದುವರಿಸಿದಳು. "ನೀರ ಹಾಕಾಕಿಗೆ ಗವಂಡಿ ಒಂದ ಹೊಸಾ ಮಣ್ಣಿನ ಕೊಡಾ ಕೊಡತಿದ್ದ, ಕುತ್ತಿಗಿಗೆ ಸುಣ್ಣದ ಗೆರಿ ಎಳದು. ಆ ಕೊಡಾ ಮಾಳಗಿ ಬಿಟ್ಟು ಮನಿಗೆ ಒಯ್ಯೂಹಂಗಿಲ್ಲ. ಗಚ್ಚು ಕುಡದ ಮುಗಿಸಿದ ದಿನಾ ಗವಂಡಿ ತಾನ ಮ್ಯಾಲ ಬರಬೇಕು, ಬೆರಳಗಂಟೀಲೆ ಬಡದು ಸಪ್ಪಳ ಕೇಳಬೇಕು, ಕೊಡಾ ಬೋರಲ ಹಾಕಿ ಸಾಕು ಅನ್ನಬೇಕು. ಅಲ್ಲೀಮಟಾ ಆಕಿ ನಿಂದ್ರೂಹಂಗಿಲ್ಲ. ಸಾವಕಾರ ಹೇಳಿದ್ರೂ ಇಲ್ಲ, ಪಾಟೀಲ ಹೇಳಿದ್ರೂ ಇಲ್ಲ. ಯಾಕ? ನಾಳಿ ಗಚ್ಚು ಬಿರೀತಂದ್ರ ಮೊದಲ ಜುಟ್ಟಾ ಹಿಡಿಯೂದು ನೀರಿನಾಕಿದು. ಗವಂಡಿದು ಆಮ್ಯಾಲ.

"ಮುದಕಪ್ಪ ಕೊಡಾ ಕೊಟ್ಟ. ನಾ ಬಂದು ಸಾಕು ಅನ್ನೂಮಟಾ ಹಾಕವಾ, ಅಂದ. ರಾಮದುರ್ಗದಾಗ ಒಂದ ಹೊಸಾ ಕೆಲಸಾ ನೋಡಿ ಬರತೇನಿ ಅಂತ ಗಾಡಿ ಹತ್ತಿದ. ಅಂವ ಅತ್ತ ಹೋಗೂದಕ್ಕೂ, ಇತ್ತ ಸಾವಕಾರ್ರ ಹತ್ತಿ ಕೋಣ್ಯಾಗ ಇಲಿ ಬೀಳೂದಕ್ಕೂ ಸರಿ ಆತು."

ಇಲಿ ಎಂದ ಕೂಡಲೇ ತಂಬಾಕು ತಿಕ್ಕುವ ಸದ್ದು ನಿಂತಿತು. ಅಲ್ಲಿ ಕುಳಿತವರಲ್ಲಿ ಪ್ಲೇಗಿಗೆ ಒಂದಾದರೂ ಜೀವ ಕೊಡದ ಮನೆಯವರು ಯಾರೂ ಇರಲಿಲ್ಲ.

"ನೀವೂ ಕಂಡೀರಿ ಆ ಗಂಟಿನ ಬ್ಯಾನಿ, ನಾ ಏನ ಹೇಳಲಿ. ಮ್ಯಾಲಿಂದ ಇಲಿ ತಪ್ಪಂತ ಬಿತ್ತಂದ್ರ ಮುಗೀತು, ಒಲಿ ಮ್ಯಾಲಿನ ಗಡಿಗಿ ಅಲ್ಲೇ ಬಿಟ್ಟು ಹೊಲಕ್ಕ ಓಡೂದು. ಊರಿಗೆ ಊರ ಖಾಲಿ ಆತು. ಮೂಡಣ ದಿಕ್ಕಿನ ಏರಿನ ಮ್ಯಾಲ ಜ್ವಾಳದ ಒಣಾ ದಂಟಿನ ಕಣಕಿ ಜೋಪಡಿ ಹಾಕಿದ್ವಿ. ಸಾವಕಾರ್ರು ತಾವ ಮಾಳಗಿ ಕೆಳಗ ನಿಂತು ಕೂಗಿದ್ರಂತ, ಮರೆವ್ವಾ, ಗಚ್ಚು ಹಾಳಾಗಲಿ, ನೀ ಬಾ ಅಂತ. ಆಕಿ ಏನಂದ್ಳು ಗೊತ್ತೇನು? ಗವಂಡ್ಯಾರು ಬರಲಿರಿ, ಅಂದ್ಳು. ಅಷ್ಟ."

"ಹುಚ್ಚಿ ಅದಾಳ," ಎಂದ ಲಕ್ಕಪ್ಪ.

"ಇದ್ದಾಳು. ಆದ್ರ ಕೇಳು. ಸಾವಕಾರ್ರ ಆಳು ದಿನಾ ಒಂದ ಗಂಟ ರೊಟ್ಟಿ ಒಯ್ದು ಊರಬಾಗಿಲ ಅಗಸಿ ಕಲ್ಲಿನ ಮ್ಯಾಲ ಇಟ್ಟ ಬರತಿದ್ದ. ಊರಾಗ ಕಾಲ ಇಡತಿದ್ದಿಲ್ಲ. ಮರುದಿನಾ ಗಂಟ ಖಾಲಿ ಇರತಿತ್ತು. ನಾವು ಏರಿನ ಮ್ಯಾಲ ಕುಂತ ನೋಡತಿದ್ವಿ... ನಡೂ ಮಧ್ಯಾಹ್ನ, ಸುಡೂ ಬಿಸಲು, ಕೆಳಗ ಇಡೀ ಊರ ಬಿದ್ದೈತಿ, ಒಂದ ಹೊಗಿ ಇಲ್ಲ, ಒಂದ ನಾಯಿ ಇಲ್ಲ, ಮಣ್ಣಿನ ಮಾಳಗಿ ಎಲ್ಲಾ ಬೂದಿ ಬಣ್ಣ. ಅದರ ನಡಬರಕ ಒಂದ ಮಾಳಗಿ ಮಾತ್ರ ಕನ್ನಡಿ ಹಿಡದಂಗ ಥಳಾ ಥಳಾ. ನೀರ ತುಂಬಿದ ಮಡಿಗೋಳು. ಅದನ್ನ ನೋಡಿದ್ರ ನಮಗ ಧೈರ್ಯ ಬರತಿತ್ತು. ಮರೆವ್ವ ಅದಾಳ, ಊರ ಇನ್ನೂ ಸತ್ತಿಲ್ಲ ಅಂತ. ಮುಂಜಾನೆ ಎದ್ದು ದೇವರಿಗೆ ಕೈ ಮುಗಿಯೂದು ಬಿಟ್ಟು ಮಂದಿ ಆ ಕಡೆ ಮಾರಿ ಮಾಡಿ ನಿಂದರತಿದ್ರು.

"ಒಂದ ದಿನಾ ರೊಟ್ಟಿ ಗಂಟ ಇಟ್ಟಲ್ಲೇ ಇತ್ತು. ಮರುದಿನಾನೂ ಇತ್ತು. ಕಾಗಿ ಹರದ ತಿಂದಿದ್ವು. ಎಲ್ಲಾರ ಎದಿ ಧಸಕ್ ಅಂತು. ತಿರುಗಿ ನೋಡತೇವಿ... ಮಾಳಗಿ ಥಳಾ ಥಳಾ. ಅಂದ್ರ ಅದಾಳ, ಹಸಿವಿ ಇಲ್ಲ ಅಷ್ಟ, ಅಂತ ಸಮಾಧಾನ ಮಾಡಕೊಂಡ್ವಿ. ಮನಶಾ ಬೇಕಾದ್ದನ್ನ ನಂಬತಾನ, ಅಲ್ಲೇನು? ಆಳು ರೊಟ್ಟಿ ಒಯ್ಯೂದು ಬಿಟ್ಟ. ಮಾಳಗಿ ಹೊಳಿಯೂದು ಬಿಡಲಿಲ್ಲ.

"ಬ್ಯಾನಿ ಇಳೀತು. ಹೊಳ್ಳಿ ಊರಿಗೆ ಬಂದ್ವಿ. ಸಾವಕಾರ್ರು ಮುಂದ, ನಾವು ನಾಕ ಮಂದಿ ಬಡಿಯೂ ಹೆಣ್ಮಕ್ಕಳು ಹಿಂದ. ಮಾಳಗಿ ಹತ್ತೂ ಪಾವಟಿಗಿ ಐತಲ್ಲ, ಅದರ ನಡಬರಕ ಮರೆವ್ವ ಗ್ವಾಡಿಗೆ ಆತು ಕುಂತಿದ್ಳು. ಕುಂತಿದ್ಳು ಅಂತ ಅನ್ನಬೇಕು, ಮತ್ತೇನ ಅನ್ನಲಿ... ಕಣಕಿ ಕಟ್ಟು ಇಟ್ಟಂಗ ಇದ್ಳು. ಸತ್ತು ಎಷ್ಟೋ ದಿನಾ ಆಗಿತ್ತು. ಮೈಯಾಗ ಒಂದ ಹನಿ ಉಳದಿರಲಿಲ್ಲ, ವಾಸನಿ ಸೈತ ಇರಲಿಲ್ಲ. ಸಾವಕಾರ್ರು ದಾಟಿಕೊಂಡು ಮ್ಯಾಲ ಹೋದ್ರು, ನಾವೂ ಹೋದ್ವಿ. ಮಡಿ ತುಂಬ ನೀರು. ಸಾವಕಾರ್ರು ಕೈ ಅದ್ದಿದ್ರು, ಅದ್ದಿ ಹಿಂದಕ ಎಳಕೊಂಡ್ರು. ಆ ಬಿಸಲಿನ್ಯಾಗ ನಿಂತ ನೀರು ಹೆಂಗಿರಬೇಕು? ಕುದೀಬೇಕು. ಇದು ತಣ್ಣಗಿತ್ತು. ಈಗ ಬಾವ್ಯಾಗಿಂದ ಜಗ್ಗಿ ತಂದಂಥಾ ನೀರು. ಒಂದ ಮಡ್ಯಾಗ ಇನ್ನೂ ಬುರಗ ಆಡತಿತ್ತು."

ಮಳೆ ತಟ್ಟಿಗಳ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಸುಂದರವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಮತ್ತ ಮಣ್ಣ ಕೊಟ್ಟ್ರೋ ಇಲ್ಲೋ ಆಕೀನ್ನ?" ಎಂದಳು.

"ಕೊಟ್ಟ್ರು. ಸಾವಕಾರ್ರು ಚಂದಂಗ ಎಲ್ಲಾ ಮಾಡಿದ್ರು, ಸ್ವಾಮಿಗಳನ್ನ ಕರಿಸಿದ್ರು. ಅವತ್ತ ಸಂಜಿಗೆ ಆ ಮನ್ಯಾಗ ಎಲ್ಲಾ ಹಂಡೆ, ಎಲ್ಲಾ ಕೊಡಾ ತುಂಬಿಸಿಟ್ಟಿದ್ದು, ಮುಂಜಾನೆ ನೋಡಿದ್ರ ಒಂದ್ರಾಗೂ ನೀರಿಲ್ಲ. ಸೋರಿದ್ದಲ್ಲ, ನೆಲಾ ಒಣಾ ಒಣಾ. ಮ್ಯಾಲ ಮಡಿ ತುಂಬ್ಯಾವ. ಮರುದಿನಾ ಬಾಜೂ ಮನಿದೂ ಹೋತು. ಆಮ್ಯಾಲ ಇಡೀ ಓಣಿದು. ಮಂದಿ ಸಾವಕಾರ್ರಿಗೆ ಬಾವಿ ಬಂದ ಮಾಡಿದ್ರು. ನಿಮ್ಮ ಮಾಳಗಿ ಕುಡಿಯೂದು ನಿಲ್ಲಿಸ್ರಿ, ಆಮ್ಯಾಲ ನೀವು ಕುಡೀರಿ, ಅಂದ್ರು. ಸಾವಕಾರ್ರ ಹೆಣ್ತಿ ತಾನ ಮ್ಯಾಲ ಹತ್ತಿ, ಕೈ ಮುಗದು, ತಾಯಿ ಸಾಕು ಅಂದ್ಳು. ಅಲ್ಲೇ ಇದ್ದ ಆ ಸುಣ್ಣದ ಗೆರಿ ಕೊಡಾ ಹಿಡದು ಬೋರಲ ಹಾಕಾಕ ಹೋದ್ಳು. ಕೊಡಾ ಅಳ್ಳಾಡಲಿಲ್ಲ. ಮಣ್ಣಿನ ಖಾಲಿ ಕೊಡಾ, ಗುಂಡಕಲ್ಲ ಆದಂಗ ಕುಂತಿತ್ತು. ಅದಕ್ಕ ಬೇಕಾದ್ದು ಗವಂಡಿ ಕೈ.

"ರಾಮದುರ್ಗಕ್ಕ ಗಾಡಿ ಕಳಿಸಿದ್ರು. ಮುದಕಪ್ಪ ಅಲ್ಲಿ ಆರಾಮ ಇದ್ದ, ಮಾವನ ಮನ್ಯಾಗ ಉಂಡು ತೂಕಾ ಬಂದಿದ್ದ. ಬರೂದಿಲ್ಲ ಅಂತ ಭಾಳ ಹಟಾ ಮಾಡಿದ. ಏನಪಾ, ಎರಡ ಅಕ್ಷರ ಅಂದ ಹೊಳ್ಳಿ ಬಾ ಅಂತ ಎಲ್ಲಾರೂ ರಮಿಸಿ ಕರಕೊಂಡ ಬಂದ್ರು. ಹೊತ್ತ ಇನ್ನೂ ಮ್ಯಾಲ ಇತ್ತು. ಓಣಿ ಮಂದಿ ಎಲ್ಲಾ ಕೆಳಗ ನೆರದಿದ್ರು. ಮುದಕಪ್ಪ ಪಾವಟಿಗಿ ಹತ್ತಿದ, ನಾವು ಹಿಂದ ಹತ್ತಿ ಕಡೇ ಮೆಟ್ಟಲಮ್ಯಾಲ ನಿಂತ್ವಿ. ಒಂದ ಮಡಿ ಒಡ್ಡ ಒಡದ, ನೀರ ಹರದ ಹೋತು. ತಟ್ಟ ಸರಿಸಿದ..."

ಶಟ್ಟೆವ್ವನ ಕೈ ಗಾಳಿಯಲ್ಲಿ ಏನನ್ನೋ ಸವರುತ್ತಿತ್ತು.

"ನಾ ಎಷ್ಟೋ ಮಾಳಗಿ ಬಡದೇನಿ. ಅಂಥಾ ಗಚ್ಚು ಹಿಂದ ನೋಡಿಲ್ಲ, ಮುಂದ ನೋಡಿಲ್ಲ. ಶಂಖದ ಒಳಮೈ ನೋಡೀರೇನು? ಆ ಬಣ್ಣ, ಆ ನುಣಪು. ಒಂದ ಕೂದಲಷ್ಟ ಬಿರುಕಿಲ್ಲ. ಆಕಾಶ ಅದರಾಗ ಬಿದ್ದಿತ್ತು. ಮುದಕಪ್ಪ ಬೆರಳಗಂಟೀಲೆ ಬಡದ. ಕಂಚಿನ ತಾಟ ಬಡದಂಗ ಸಪ್ಪಳ ಬಂತು, ಬಂದದ್ದು ನಿಂದ್ರಲೇ ಇಲ್ಲ... ಕೆಳಗ ನಿಂತವರೂ ಕೇಳಿದ್ರು. ಅಂವ ಮೊಣಕಾಲೂರಿ ಕುಂತ. ಕಿವಿ ಹಚ್ಚಿ ಕೇಳಿದ. ಅವನ ಮಾರಿ ನಾ ನೋಡಿದ್ನಿ. ಹಡದಾಕಿ ಕೂಸಿನ್ನ ಮೊದಲ ಸಲ ನೋಡೂದಿಲ್ಲೇನು, ಹಂಗ ಇತ್ತು. ಬಾಜೂಕ ಕೊಡಾ ಇತ್ತು. ಕೈ ಚಾಚಿದ್ರ ಬೋರಲ ಬೀಳತಿತ್ತು. ಒಂದ ಮಾತ ಅಂದ್ರ ಆಕಿಗೂ ಮುಕ್ತಿ, ಓಣಿಗೂ ನೀರು. ಅಂವ ತಲಿ ಎತ್ತಿ, ಯಾರೂ ಇಲ್ಲದ ಕಡೆ ನೋಡಿ ಏನಂದ? ಹೇಳ್ರಿ ನೋಡೂಣು... ನೀವು ಗವಂಡಿಗೋಳ ಜೋಡಿ ದುಡದವ್ರು."

ಬಾಳುವಿಗೆ ಉತ್ತರ ತಿಳಿದಿತ್ತು. ಹೇಗೆ ತಿಳಿಯಿತೆಂದು ಅವನಿಗೇ ಗೊತ್ತಾಗಲಿಲ್ಲ, ಆದರೆ ಅದು ನಾಲಗೆಯ ತುದಿಯವರೆಗೆ ಬಂದು ನಿಂತಿತ್ತು.

"ಯವ್ವಾ, ಇನ್ನೊಂದೀಟ ಹಾಕು, ಅಂದ," ಶಟ್ಟೆವ್ವನೇ ಹೇಳಿದಳು.

ಲಕ್ಕಪ್ಪ ತಂಬಾಕನ್ನು ಉಗುಳಲು ಮರೆತು ನುಂಗಿದ.

"ನಮ್ಮ ಕಣ್ಣ ಮುಂದ, ಆ ಖಾಲಿ ಕೊಡಾ ಹೊರಗಿಂದ ಬೆವತಿತು. ತಳದಾಗಿಂದ ನೀರ ಏರಿತು, ಏರಿ ಕುತ್ತಿಗಿಗೆ ಬಂತು, ಸುಣ್ಣದ ಗೆರಿಮಟಾ ಬಂದು ನಿಂತಿತು. ಒಬ್ಬರೂ ಚೀರಲಿಲ್ಲ. ಅಂಜಿಕಿ ಅಲ್ಲ ಅದು, ಏನಂತ ಹೇಳಲಿ... ಗುಡಿಯಾಗ ಗಂಟಿ ಹೊಡದ ನಿಂತ ಮ್ಯಾಲ ಒಂದ ಗಳಿಗಿ ಎಲ್ಲಾರೂ ಸುಮ್ಮನಿರತಾರಲ್ಲ, ಹಂಗ ನಿಂತ್ವಿ.

"ಮುದಕಪ್ಪ ಕೆಳಗ ಬಂದ. ನಾಳಿ ಅನ್ನತೇನ್ರಿ ಅಂತ ಸಾವಕಾರ್ರಿಗೆ ಹೇಳಿದ. ಮರುದಿನಾ ಹತ್ತಿದ, ಬಡದ ಕೇಳಿದ, ಇನ್ನೊಂದೀಟ ಅಂದು ಇಳದ. ದಿನಾ ಅದ. ಪಾವಟಿಗಿ ಹತ್ತೂವಾಗ, ಇವತ್ತ ಅನ್ನತೇನಿ, ಬಸವಣ್ಣನ ಆಣಿ, ಅನ್ನಾಂವ. ಇಳಿಯೂವಾಗ ತಲಿ ತೆಗ್ಗಿಸಿ ಇಳಿಯಾಂವ. ಸಾವಕಾರ್ರು ಕಾಲ ಹಿಡದ್ರು, ಮಂದಿ ಬಡೀತೇವಿ ಅಂದ್ರು. ಅಂವನೂ ಅತ್ತ ಒಂದ ದಿನಾ. ನಾ ಏನ ಮಾಡ್ಲಿರಿ, ಮ್ಯಾಲ ಹೋಗಿ ಅದನ್ನ ನೋಡಿದ ಕೂಡ್ಲೇ ಬಾಯಿ ಕಟ್ಟತೈತಿ, ಅಂದ. ಒಂದ ಮಾತ್ರ ಬ್ಯಾರೆ ಆಗಿತ್ತು. ಓಣಿ ಮಂದಿ ಕೊಡಾ ಖಾಲಿ ಆಗೂದು ನಿಂತಿತ್ತು. ಎಲ್ಲಾರೂ ಸಮಾಧಾನ ಆದ್ರು. ಮತ್ತ ಆಕಿ ನೀರ ಎಲ್ಲಿಂದ ತರತಾಳ ಅಂತ ಒಬ್ಬರೂ ಕೇಳಲಿಲ್ಲ. ಕೇಳಬೇಕಿತ್ತಿಲ್ಲೋ?

"ಮುದಕಪ್ಪ ಬತ್ತಾಕ ಹತ್ತಿದ್ದ. ತಂಬಿಗಿ ಮ್ಯಾಲ ತಂಬಿಗಿ ನೀರ ಕುಡಿಯಾಂವ, ತುಟಿ ಬಿರದೇ ಇರತಿದ್ವು. ಬೆವರು ನಿಂತಿತು. ಅಳೂವಾಗ ಕಣ್ಣಾಗ ನೀರ ಬರತಿರಲಿಲ್ಲ, ಬರೇ ಸಪ್ಪಳ. ರಾಮದುರ್ಗದಿಂದ ತೂಕಾ ಬಂದಾಂವ ಕಣಕಿ ಆದ. ಒಂದ ಸಂಜಿಗೆ ಮ್ಯಾಲ ಹೋದಾಂವ ಇಳೀಲಿಲ್ಲ. ಹೋಗಿ ನೋಡಿದ್ರ ಗಚ್ಚಿಗೆ ಕಿವಿ ಹಚ್ಚಿ ಮಲಗಿದ್ದ, ಕೇಳಿಕೋತ. ಎತ್ತಾಕ ಹೋದವ್ರು ಹೇಳಿದ್ರು, ಖಾಲಿ ಬುಟ್ಟಿ ಎತ್ತಿದಂಗ ಆತಂತ. ಮಡ್ಯಾಗಿನ ನೀರ ಅವತ್ತ ಆರಿತು. ಕೊಡಾ ಅಲ್ಲಿರಲಿಲ್ಲ."

"ಎಲ್ಲಿ ಹೋತು?" ಎಂದ ಲಕ್ಕಪ್ಪ, ಸಣ್ಣ ದನಿಯಲ್ಲಿ.

"ಎಲ್ಲಿ ಹೊಕ್ಕೈತಿ? ಆಕಿಗೆ ಸಾಕು ಅಂದವ್ರು ಯಾರು? ಅಂದ ಮ್ಯಾಲ ಕೆಲಸಾ ಮುಗದಿಲ್ಲ. ಅದ ವರ್ಷ ಕಿತ್ತೂರಾಗ ಒಬ್ಬ ಗವಂಡಿ ಗಚ್ಚು ಹಾಕಿಸಿದ. ನೀರಿನ ಹೆಣ್ಮಗಳು ಜಡ್ಡಿಗೆ ಬಿದ್ದು ಬರಲಿಲ್ಲ. ಮುಂಜಾನೆ ಹೋಗಿ ನೋಡತಾನ, ಮಡಿ ತುಂಬ್ಯಾವ. ಕುಶಿ ಆದ. ಯಾರು ಹಾಕಿದ್ರು ಅಂತ ಕೇಳಲಿಲ್ಲ, ತಿಳದ ಮ್ಯಾಲೂ ಸಾಕು ಅನ್ನಲಿಲ್ಲ. ಆ ಮಾಳಗಿ ಇನ್ನೂ ಐತಿ, ಹೋಗಿ ಬಡದ ನೋಡ್ರಿ, ಕಂಚು. ಗವಂಡಿ ಇಲ್ಲ. ಗವಂಡಿ ಇದ್ದಲ್ಲಿ ಹೊಕ್ಕಾಳ ಆಕಿ. ಆಕಿಗೆ ಬೇಕಾಗಿದ್ದು ಒಂದ ಮಾತು, ಕೊಡಾ ಬೋರಲ ಹಾಕೂ ಒಂದ ಕೈ. ಕೇಳಾಕ ಬರತಾಳ ಪಾಪ, ಕಾಡಾಕ ಬರೂದಿಲ್ಲ. ಬಂದಾಕಿ ಸುಮ್ಮನ ಕುಂದರಾಕ ಬರೂದಿಲ್ಲಂತ ನೀರ ಹಾಕತಾಳ."

ಸುಂದರವ್ವ ಎದ್ದು, ಊಟಕ್ಕೆ ಹೊತ್ತಾಯಿತೆಂದು ಬಾಗಿಲ ತಟ್ಟಿಯನ್ನು ಸರಿಸಿ ಹೊರಗೆ ಕೈ ಚಾಚಿದಳು. ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಳು.

"ಮಳಿ ನಿಂತೈತಿ," ಎಂದಳು.

ಬಾಳು ಹೋಗಿ ನೋಡಿದ. ಸಂತೆ ಬಯಲಿನ ಗುಂಡಿಗಳಲ್ಲಿ ನೀರು ಅಲುಗಾಡದೆ ನಿಂತಿತ್ತು. ಎದುರು ಮನೆಯ ದೋಣಿಯಿಂದ ಹನಿ ಬೀಳುವುದು ಕೂಡ ನಿಂತುಹೋಗಿತ್ತು. ಮಳೆ ಹೋಗಿ ಬಹಳ ಹೊತ್ತೇ ಆಗಿತ್ತು. ಅವರಿಗೆ ತಿಳಿಯದೆ ಇದ್ದದ್ದಕ್ಕೆ ಕಾರಣ, ಮಳೆಯ ಸದ್ದು ತಲೆಯ ಮೇಲೆ ಇನ್ನೂ ಇತ್ತು.

ಅವನು ಕಿವಿಗೊಟ್ಟು ಕೇಳಿದ. ಅದು ಸುರಿಯುವ ಸದ್ದಲ್ಲ, ಚಿಮುಕಿಸುವ ಸದ್ದು. ಒಂದು ಕಡೆ ಹುಲ್ಲಿನ ಮೇಲೆ ಮೆಲ್ಲಗೆ ಬಿದ್ದು ನಿಲ್ಲುತ್ತಿತ್ತು, ಒಂದು ಹೆಜ್ಜೆ ಆಚೆ ಮತ್ತೆ ಬೀಳುತ್ತಿತ್ತು. ನಿನ್ನೆ ಬಡಿದ ಗಚ್ಚಿಗೆ ಎಷ್ಟು ಬೇಕೋ ಅಷ್ಟು. ಸಾಲು ಹಿಡಿದು ಹೋಗಿ ಅದು ಪಡುವಣ ಮೂಲೆಗೆ ಬಂತು. ಮಳೆಗಾಳಿಗೆ ಅಲ್ಲಿಯ ತಟ್ಟಿ ಕಿತ್ತುಹೋದದ್ದನ್ನು ಸಂಜೆ ಬಾಳು ನೋಡಿದ್ದ, ಬೇರೆ ಯಾರಿಗೂ ಹೇಳಿರಲಿಲ್ಲ. ಆ ಮೂಲೆಯಲ್ಲಿ ಸದ್ದು ಹೆಚ್ಚು ಹೊತ್ತು ನಿಂತಿತು. ಇಷ್ಟು ಬಲ್ಲ ಕೈಯನ್ನು ಅವನು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಓಡಬೇಕೆಂದು ಅವನಿಗೆ ಅನಿಸಲಿಲ್ಲ.

ಮಾಳಿಗೆಗೆ ಹತ್ತುವ ನಿಚ್ಚಣಿಕೆಯ ಬುಡಕ್ಕೆ ಹೋಗಿ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟ. ಮೇಲಿನ ಸದ್ದು ನಿಂತಿತು. ಯಾರೋ ಕೆಲಸ ನಿಲ್ಲಿಸಿ ಕೊಡ ಹಿಡಿದು ಕಾಯುತ್ತಿರುವಂತೆ ನಿಂತಿತು. ಆ ಮಾತು ಎರಡೇ ಅಕ್ಷರದ್ದು. ಬಾಳು ಬಾಯಿ ತೆರೆದ. ಸವದತ್ತಿಯ ಬಿರುಕುಗಳು ಕಣ್ಣ ಮುಂದೆ ಬಂದವು. ಆಮೇಲೆ ಅವುಗಳ ಜಾಗದಲ್ಲಿ ಬೇರೊಂದು ಬಂತು: ಶಂಖದ ಒಳಮೈಯಂಥ ಗಚ್ಚು, ಅದರಲ್ಲಿ ಬಿದ್ದ ಯರಗಟ್ಟಿಯ ಆಕಾಶ, ಬಡಿದರೆ ನಿಲ್ಲದ ಸದ್ದು, ಇದನ್ನು ಹಾಕಿದವನು ಬಾಳು ಎಂದು ಸಂತೆಯಲ್ಲಿ ಜನ ಬೆರಳು ಮಾಡಿ ತೋರಿಸುವುದು.

ಅವನು ಕಾಲನ್ನು ಕೆಳಗಿಟ್ಟ. ಬಂದು ಕಂದೀಲಿನ ಹತ್ತಿರ ಕುಳಿತ. ಬಾಯಿ ಒಣಗಿತ್ತು.

ಮೇಲೆ ಸದ್ದು ಮತ್ತೆ ಸುರುವಾಯಿತು.

"ಅಂದ್ಯೇನಪಾ?" ಎಂದಳು ಶಟ್ಟೆವ್ವ.

"ಇನ್ನೂ ಹಸಿ ಐತಲ್ಲ ಆಯಿ," ಬಾಳು ಅವಳ ಮುಖ ನೋಡದೆ ಹೇಳಿದ. "ಈಗ ಅಂದ್ರ ಬಿರೀತೈತಿ. ಕುಡದ ಮುಗಿಸಲಿ. ಆಮ್ಯಾಲ ಅನ್ನತೇನಿ."

"ಹೂಂ," ಎಂದಳು ಮುದುಕಿ. ಚೀಲವನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡು ಗೋಡೆಗೆ ಒರಗಿದಳು. "ಕಿತ್ತೂರಾಂವನೂ ಹಂಗ ಅಂದ, ಅವನಕಿಂತ ಮೊದಲ ಮುದಕಪ್ಪನೂ ಹಂಗ ಅಂದ. ಆಮ್ಯಾಲ ಅನ್ನತೇನಿ ಅಂತ ಎಲ್ಲಾರೂ ಅಂದಾರಪಾ... ಅದಕ್ಕ ನೋಡು, ಆಕಿ ಇನ್ನೂ ಕೊಡಾ ಇಳಿಸಿಲ್ಲ."